ಬ್ಯಾಸ್ಟಿಲ್‌ನಿಂದ ಕಾಂಕಾರ್ಡ್‌ವರೆಗೆ: ಪ್ಯಾರಿಸ್ಸಿನ ಒಂದು ‘ಕ್ರಾಂತಿ ನಡಿಗೆ’ಯ ವಿಮರ್ಶೆ

ಪ್ರೌಢಶಾಲೆಯಲ್ಲಿ ಇತಿಹಾಸ ಬೋಧಿಸಿ ನಿವೃತ್ತನಾದ ನನಗೆ 1789ರಲ್ಲಿ ಆರಂಭವಾದ ಫ್ರಾನ್ಸಿನ ಮಹಾಕ್ರಾಂತಿಯ ಪಾಠ ಬಾಯಿಪಾಠವಾಗಿತ್ತು. ದಿವಾಳಿಯಾದ ಬೊಕ್ಕಸ, ಪಾದ್ರಿಗಳು, ಶ್ರೀಮಂತ ಒಡೆಯರು, ಜನಸಾಮಾನ್ಯರು ಎಂಬ ಮೂರು ವರ್ಗಗಳ ಸಭೆ, ಬ್ಯಾಸ್ಟಿಲ್ ಸೆರೆಮನೆಯ ಪತನ, ತಲೆ ಕಡಿಯುವ ಯಂತ್ರವಾದ ಗಿಲೋಟಿನ್, ಕೊನೆಗೆ ನೆಪೋಲಿಯನ್. ಪ್ರತಿವರ್ಷವೂ ಇದೇ ಕ್ರಮ, ಇದೇ ಐದು ಅಂಕದ ಪ್ರಶ್ನೆ. ಕಳೆದ ಸೆಪ್ಟೆಂಬರಿನಲ್ಲಿ ಪ್ಯಾರಿಸ್ಸಿನಲ್ಲಿರುವ ಮಗಳ ಮನೆಗೆ ಹೋದಾಗ, ಕಪ್ಪುಹಲಗೆಯ ಮೇಲೆ ಬರೆದು ಅಳಿಸುತ್ತಿದ್ದ ಆ ಹೆಸರುಗಳ ಊರನ್ನು ಕಾಲಿನಿಂದಲೂ ಓದಬೇಕೆನ್ನಿಸಿ, ‘ಕ್ರಾಂತಿಯ ಹಾದಿಯಲ್ಲಿ’ ಎಂಬರ್ಥದ ಜಾಹೀರಾತು ಹಾಕಿದ್ದ ಒಂದು ಖಾಸಗಿ ಕಂಪನಿಯ ಅರ್ಧ ದಿನದ ನಡಿಗೆಗೆ ಮೂರು ಟಿಕೆಟ್ ಕೊಂಡೆವು. ಕಂಪನಿಯ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ನಾನು ನೋಡಿದ ಬೇರೆ ಕರಪತ್ರಗಳಲ್ಲಿಯೂ ಹಾದಿ ಹೆಚ್ಚುಕಡಿಮೆ ಇದೇ ಆಗಿದ್ದುದರಿಂದ, ಅಂಥ ಯಾವುದೇ ನಡಿಗೆಗೆ ಹೋಗುವವರಿಗೆ ಈ ಮಾತುಗಳು ಉಪಯೋಗಕ್ಕೆ ಬಂದಾವು.

ತಲಾ 32 ಯೂರೋ. ಬೆಳಗ್ಗೆ ಒಂಬತ್ತೂವರೆಗೆ ಆರಂಭ, ಮಧ್ಯಾಹ್ನ ಒಂದಕ್ಕೆ ಮುಕ್ತಾಯ, ವಿವರಣೆ ಇಂಗ್ಲಿಷಿನಲ್ಲಿ. ಹದಿನೈದು ಜನರಿಗಿಂತ ಹೆಚ್ಚು ಇರುವುದಿಲ್ಲವೆಂದು ಬರೆದಿದ್ದರೂ ಆ ದಿನ ನಾವು ಇಪ್ಪತ್ತೆರಡು ಜನರಿದ್ದೆವು. ಕಿವಿಗೆ ಸಿಕ್ಕಿಸಿಕೊಳ್ಳಲು ಕೊಟ್ಟ ಸಾಧನ ವಾಹನಗಳ ಗದ್ದಲದಲ್ಲಿ ಗೊರಗೊರ ಎನ್ನುತ್ತಿತ್ತು. ನನ್ನ ಹೆಂಡತಿಯದು ಅರ್ಧ ದಾರಿಯಲ್ಲಿ ಪೂರ್ತಿ ಮೌನವಾಯಿತು, ಬದಲಿ ಸಾಧನ ಇರಲಿಲ್ಲ. ಮಾರ್ಗದರ್ಶಿಯಾಗಿದ್ದ ಯುವತಿ ಇತಿಹಾಸದ ವಿದ್ಯಾರ್ಥಿನಿ; ಓದಿಕೊಂಡವಳು, ಮಾತಿನಲ್ಲಿ ಚುರುಕು, ಪ್ರಶ್ನೆ ಕೇಳಿದರೆ ಮುಖ ಸಿಂಡರಿಸದವಳು. ಮುಂದೆ ನಾನು ಹೇಳುವ ದೂರುಗಳಲ್ಲಿ ಬಹುಪಾಲು ಆಕೆಯ ಕೈಗೆ ಯಾರೋ ಬರೆದುಕೊಟ್ಟ ಪಟ್ಟಿಯ ಮೇಲಿನವೇ ಹೊರತು ಆಕೆಯ ಮೇಲಿನವಲ್ಲ.

ನಡಿಗೆ ಆರಂಭವಾಗುವುದು ಬ್ಯಾಸ್ಟಿಲ್ ಚೌಕದಲ್ಲಿ. ಅಲ್ಲಿ ಬ್ಯಾಸ್ಟಿಲ್ ಇಲ್ಲ. ನಡುವೆ ನಿಂತಿರುವ ಎತ್ತರದ ಹಸಿರು ಕಂಬವನ್ನು 1789ರ ಸ್ಮಾರಕವೆಂದುಕೊಂಡು ಎಲ್ಲರೂ ಫೋಟೋ ತೆಗೆದುಕೊಳ್ಳುತ್ತಾರೆ, ನಾನೂ ತೆಗೆದುಕೊಂಡೆ. ಆದರೆ ಅದು ‘ಜುಲೈ ಸ್ತಂಭ’, 1830ರ ಜುಲೈನಲ್ಲಿ ಮೂರು ದಿನ ನಡೆದ ಇನ್ನೊಂದು ಕ್ರಾಂತಿಯಲ್ಲಿ ಸತ್ತವರ ನೆನಪಿಗೆ ಎತ್ತಿದ್ದು. ಇದನ್ನು ಮಾರ್ಗದರ್ಶಿ ಮೊದಲ ಐದು ನಿಮಿಷದಲ್ಲಿಯೇ ಹೇಳಿ, ಎಲ್ಲರನ್ನೂ ನಗಿಸಿ, ಕೋಟೆಯ ಗಡಿಯನ್ನು ಗುರುತಿಸಲು ರಸ್ತೆಯ ಮೇಲೆ ಬೇರೆ ಬಗೆಯ ಕಲ್ಲು ಹಾಸಿರುವುದನ್ನು ತೋರಿಸಿದಳು. ಜುಲೈ 14ರಂದು ಕೋಟೆಯೊಳಗೆ ಇದ್ದ ಕೈದಿಗಳು ಏಳೇ ಮಂದಿ, ಜನ ಬಂದದ್ದು ಅವರನ್ನು ಬಿಡಿಸಲಿಕ್ಕಿಂತ ಹೆಚ್ಚಾಗಿ ಮದ್ದಿಗಾಗಿ, ಬಂದೂಕುಗಳನ್ನು ಅದೇ ಬೆಳಗ್ಗೆ ಇನ್ವಾಲಿಡ್ಸ್ ಭವನದಿಂದ ಹೊತ್ತು ತಂದಿದ್ದರು ಎಂಬುದನ್ನು ಆಕೆ ಕ್ರಮವಾಗಿ ಬಿಡಿಸಿ ಹೇಳಿದ ರೀತಿ, ಮೂವತ್ತು ವರ್ಷ ಅದನ್ನೇ ಪಾಠ ಮಾಡಿದ ನನಗೂ ಹೊಸದಾಗಿ ಕೇಳಿಸಿತು. ಕೋಟೆಯನ್ನು ಕೆಡವಿಸಿದ ಗುತ್ತಿಗೆದಾರ ಪಾಲ್ವಾ ಎಂಬಾತ ಅದರ ಕಲ್ಲುಗಳಿಂದಲೇ ಪುಟ್ಟ ಪುಟ್ಟ ಬ್ಯಾಸ್ಟಿಲ್‌ಗಳನ್ನು ಕೆತ್ತಿಸಿ ದೇಶದ 83 ಜಿಲ್ಲೆಗಳಿಗೆ ಕಳುಹಿಸಿದ ಕಥೆಯನ್ನಂತೂ ಆಕೆ ಬಹಳ ಸೊಗಸಾಗಿ ಹೇಳಿದಳು. ಕ್ರಾಂತಿಯ ಮೊದಲ ಸ್ಮರಣಿಕೆ ವ್ಯಾಪಾರಿ ಎಂದರೆ ಅವನೇ ಇರಬೇಕು.

ಆದರೆ ಮದ್ದಿಗಾಗಿ ಬಂದ ಆ ಜನ ಹಸಿದಿದ್ದರೆಂಬ ಮಾತು ಆ ಚೌಕದಲ್ಲಿ ಒಮ್ಮೆಯೂ ಬರಲಿಲ್ಲ. 1788ರ ಜುಲೈ 13ರಂದು ಬಿದ್ದ ಆಲಿಕಲ್ಲು ಮಳೆ ಪ್ಯಾರಿಸ್ಸಿನ ಸುತ್ತಲಿನ ಗೋಧಿಯನ್ನು ಮಲಗಿಸಿತು, ಅದರ ಬೆನ್ನಿಗೆ ಬಂದ ಚಳಿಗಾಲ ನದಿಗಳನ್ನೂ ಹಿಟ್ಟಿನ ಗಿರಣಿಗಳನ್ನೂ ಹೆಪ್ಪುಗಟ್ಟಿಸಿತು, ಸಾಮಾನ್ಯ ವರ್ಷದಲ್ಲಿ ಎಂಟು ಒಂಬತ್ತು ‘ಸೂ’ಗೆ (ಆಗಿನ ಚಿಲ್ಲರೆ ನಾಣ್ಯ) ಸಿಗುತ್ತಿದ್ದ ನಾಲ್ಕು ಪೌಂಡಿನ ಬ್ರೆಡ್ಡು 1789ರ ಆರಂಭದ ಹೊತ್ತಿಗೆ 14 ಸೂ ದಾಟಿತು. ದಿನಗೂಲಿಯವನ ಸಂಪಾದನೆ 20ರಿಂದ 30 ಸೂ ಇದ್ದ ಕಾಲದಲ್ಲಿ ಅರ್ಧದಷ್ಟು ಕೂಲಿ ಬ್ರೆಡ್ಡಿಗೇ ಹೋಗುವುದೆಂದರೆ ಏನೆಂಬುದನ್ನು ನಮ್ಮ ಊರುಗಳಲ್ಲಿ ರಾಗಿಯ ಬೆಲೆ ಏರಿದಾಗ ಕಂಡವರಿಗೆ ವಿವರಿಸಬೇಕಾಗಿಲ್ಲ. ನಗರಸಭಾ ಭವನದ ಮುಂದೆ ಹಾದುಹೋಗುವಾಗಲಾದರೂ, ಅಕ್ಟೋಬರ್ 5ರಂದು ಅಲ್ಲಿಂದಲೇ ಮಾರುಕಟ್ಟೆಯ ಹೆಂಗಸರು ಮಳೆಯಲ್ಲಿ ರಾಜನ ಅರಮನೆಯಿದ್ದ ವರ್ಸೈವರೆಗೆ ನಡೆದು, ಮರುದಿನ ರಾಜ ರಾಣಿಯರನ್ನು ಕರೆದುಕೊಂಡೇ ಹಿಂದಿರುಗಿದ ಸಂಗತಿ ಬರುತ್ತದೆಂದು ಕಾದೆ. ಬಂದದ್ದು ಮಾತ್ರ ಇನ್ನೊಂದು: ಆಗ ‘ಗ್ರೇವ್ ಚೌಕ’ ಎಂದು ಕರೆಯುತ್ತಿದ್ದ ಅದೇ ಜಾಗದಲ್ಲಿ 1792ರ ಏಪ್ರಿಲ್ 25ರಂದು ಪೆಲೆತಿಯೆ ಎಂಬ ಕಳ್ಳನ ತಲೆಯನ್ನು ಗಿಲೋಟಿನ್ ಮೊದಲ ಬಾರಿಗೆ ಕತ್ತರಿಸಿತು ಎಂಬ ವೃತ್ತಾಂತ, ಅದೂ ಹತ್ತು ನಿಮಿಷದಷ್ಟು. ಬ್ರೆಡ್ಡಿಲ್ಲದಿದ್ದರೆ ಕೇಕ್ ತಿನ್ನಲಿ ಎಂದು ರಾಣಿ ಹೇಳಿದಳೆ ಎಂದು ಗುಂಪಿನಲ್ಲಿ ಯಾರೋ ಕೇಳಿದರು. ಹೇಳಿದ್ದಕ್ಕೆ ಆಧಾರವಿಲ್ಲ, ಆಕೆ ಇನ್ನೂ ಹುಡುಗಿಯಾಗಿದ್ದಾಗಲೇ ರೂಸೋ ಆ ಮಾತನ್ನು ಯಾರೋ ರಾಜಕುಮಾರಿಯದೆಂದು ಬರೆದಿದ್ದ ಎಂದು ಮಾರ್ಗದರ್ಶಿ ಸರಿಯಾಗಿಯೇ ಉತ್ತರಿಸಿದಳು. ಬ್ರೆಡ್ಡಿನ ಪ್ರಸ್ತಾಪ ಅಷ್ಟಕ್ಕೇ ಮುಗಿಯಿತು.

ಅಲ್ಲಿಂದ ಸೇತುವೆ ದಾಟಿ ಕೊಂಸಿಯೆರ್ಜರಿ. ರಾಣಿ ಮೇರಿ ಆಂಟಾನೆಟ್ ತನ್ನ ಕೊನೆಯ ಹತ್ತು ವಾರಗಳನ್ನು ಕಳೆದ ಸೆರೆಮನೆ ಇದು. ಇದೇ ಆವರಣದಲ್ಲಿ ಕುಳಿತಿದ್ದ ಕ್ರಾಂತಿ ನ್ಯಾಯಮಂಡಳಿ 2,600ಕ್ಕೂ ಹೆಚ್ಚು ಜನರಿಗೆ ಮರಣದಂಡನೆ ವಿಧಿಸಿತು. ಒಳಗೆ ಹೋಗಲು ಬೇರೆ ಟಿಕೆಟ್ ಬೇಕೆಂಬುದನ್ನು ಕಂಪನಿ ಹಣ ಪಡೆಯುವಾಗ ಎಲ್ಲಿಯೂ ಹೇಳಿರಲಿಲ್ಲ. ಆದ್ದರಿಂದ ನಾವು ನದಿಯ ದಂಡೆಯಲ್ಲಿ ನಿಂತು ಗೋಪುರಗಳನ್ನು ನೋಡುತ್ತಾ ರಾಣಿಯ ಕೂದಲು ಬೆಳ್ಳಗಾದ ಕಥೆಯನ್ನು ಕೇಳಿದೆವು. ‘ಹೆಣ್ಣಿಗೆ ವಧಾವೇದಿಕೆ ಏರುವ ಹಕ್ಕಿದ್ದರೆ ಭಾಷಣದ ವೇದಿಕೆ ಏರುವ ಹಕ್ಕೂ ಇರಬೇಕು’ ಎಂಬರ್ಥದಲ್ಲಿ 1791ರಲ್ಲಿಯೇ ಬರೆದ ಒಲಾಂಪ್ ದ ಗೂಜ್ ಎಂಬ ಲೇಖಕಿಯೂ ಅದೇ ನ್ಯಾಯಮಂಡಳಿಯ ಮುಂದೆ ನಿಂತು, ರಾಣಿ ಹೋದ ಮೂರೇ ವಾರಗಳಲ್ಲಿ, 1793ರ ನವೆಂಬರ್ 3ರಂದು ಅದೇ ದಾರಿಯಲ್ಲಿ ಹೋದಳು. ಆಕೆಯ ಹೆಸರು ಪಟ್ಟಿಯಲ್ಲಿರಲಿಲ್ಲ. ನನ್ನ ಮಗಳು ಕೇಳಿದಾಗ ಮಾರ್ಗದರ್ಶಿಯ ಮುಖ ಅರಳಿತು, ಎರಡು ನಿಮಿಷ ತುಂಬು ಉತ್ಸಾಹದಿಂದ ಮಾತಾಡಿದಳು, ಆಮೇಲೆ ಗಡಿಯಾರ ನೋಡಿಕೊಂಡಳು.

ಈ ನಡಿಗೆಯ ಅತ್ಯುತ್ತಮ ಭಾಗ, ಕೊಟ್ಟ ಹಣಕ್ಕೆ ನ್ಯಾಯ ಒದಗಿಸಿದ ಭಾಗ, ನದಿಯ ಎಡದಂಡೆಯ ಸೇಂಟ್ ಆಂದ್ರೆ ವಾಣಿಜ್ಯ ಓಣಿ. ಉರುಟು ಕಲ್ಲು ಹಾಸಿದ, ಇಬ್ಬರು ಕೈ ಚಾಚಿದರೆ ಗೋಡೆಗೆ ಗೋಡೆ ತಾಗುವಂತೆ ತೋರುವ ಈ ಓಣಿಯ 8ನೇ ಸಂಖ್ಯೆಯ ಮನೆಯಲ್ಲಿ ಕ್ರಾಂತಿಯ ಉಗ್ರ ಪತ್ರಕರ್ತ ಮರಾ ತನ್ನ ಪತ್ರಿಕೆಯನ್ನು ಅಚ್ಚು ಹಾಕುತ್ತಿದ್ದ. 9ನೇ ಸಂಖ್ಯೆಯಲ್ಲಿ ಜರ್ಮನ್ ಮೂಲದ ವಾದ್ಯ ತಯಾರಕ ಷ್ಮಿಟ್, ಡಾಕ್ಟರ್ ಅಂತ್ವಾನ್ ಲೂಯಿಯ ನಕ್ಷೆಯಂತೆ ಕಟ್ಟಿದ ತಲೆ ಕಡಿಯುವ ಯಂತ್ರವನ್ನು ಕುರಿಗಳ ಮೇಲೆ ಪರೀಕ್ಷಿಸಿದನೆಂದು ಹೇಳುತ್ತಾರೆ. ಹಿಂಬದಿಯಲ್ಲಿ ಪ್ರೊಕೋಪ್ ಕಾಫಿ ಮನೆ, 1686ರಿಂದಲೂ ಹೆಸರು ಉಳಿಸಿಕೊಂಡಿರುವಂಥದು, ವೋಲ್ಟೇರ್ ಕೂರುತ್ತಿದ್ದ ಜಾಗ. ಕಾಫಿ ಮನೆ, ಅಚ್ಚುಕೂಟ, ವಧಾಯಂತ್ರ ಮೂರೂ ಒಂದೇ ಓಣಿಯ ಆಚೀಚೆ ಇದ್ದವೆಂಬುದನ್ನು ಯಾವ ಪಠ್ಯಪುಸ್ತಕವೂ ಹೀಗೆ ಕಣ್ಣಿಗೆ ಕಟ್ಟಿಸಲಾರದು.

ಇಲ್ಲಿ ಮಾರ್ಗದರ್ಶಿ ಪಟ್ಟಿಯನ್ನು ಮರೆತು ಮಾತಾಡಿದಳು. 1793ರಲ್ಲಿ ಎಲ್ಲರೂ ಎಲ್ಲರನ್ನೂ ‘ನೀನು’ ಎಂದೇ ಕರೆಯಬೇಕು, ‘ನೀವು’ ಎಂಬುದು ಹಳೆಯ ದರ್ಬಾರಿನ ಪಳೆಯುಳಿಕೆ ಎಂಬ ಒತ್ತಾಯ ಹುಟ್ಟಿತು, ‘ಸ್ವಾಮಿ’, ‘ಅಮ್ಮಣ್ಣಿ’ ಎಂಬಂಥ ಸಂಬೋಧನೆಗಳು ಹೋಗಿ ‘ಪ್ರಜೆ’ ಎಂಬ ಒಂದೇ ಮಾತು ಬಂತು ಎಂದು ಆಕೆ ವಿವರಿಸಿದಾಗ, ಗುಂಪಿನಲ್ಲಿದ್ದ ಅಮೆರಿಕನ್ನರಿಗೆ ಅದರ ಬಿಸಿ ತಟ್ಟಲಿಲ್ಲ. ಅವರ ಭಾಷೆಯಲ್ಲಿ ಇರುವುದೇ ಒಂದು ಪದ. ಕನ್ನಡದವರಾದ ನಮಗೆ ತಕ್ಷಣ ತಟ್ಟಿತು. ಹಳ್ಳಿಯಲ್ಲಿ ಅರುವತ್ತು ದಾಟಿದ ಆಳನ್ನು ಒಡೆಯನ ಹತ್ತು ವರ್ಷದ ಮಗ ಏಕವಚನದಲ್ಲಿ ಕರೆಯುವುದನ್ನು ನಾನು ಬಾಲ್ಯದಲ್ಲಿ ಕಣ್ಣಾರೆ ಕಂಡಿದ್ದೇನೆ. ಆ ಆಳು ತಿರುಗಿ ಹುಡುಗನನ್ನು ‘ನೀನು’ ಎಂದಿದ್ದರೆ ಏನಾಗುತ್ತಿತ್ತೆಂಬುದನ್ನು ಊಹಿಸಿದರೆ, ಆ ಸರ್ವನಾಮದ ಗಲಾಟೆ ಗಿಲೋಟಿನ್ನಿಗಿಂತ ಚಿಕ್ಕ ಸುದ್ದಿಯೇನೂ ಆಗಿರಲಿಲ್ಲವೆಂದು ಅರ್ಥವಾಗುತ್ತದೆ.

ಓಣಿಯಿಂದ ಹೊರಬಂದರೆ ಓದೆಯೋನ್ ವೃತ್ತದಲ್ಲಿ ಕ್ರಾಂತಿಯ ನಾಯಕ, ಭಾಷಣಕಾರ ಡಾಂಟನ್ನನ ಪ್ರತಿಮೆ. ಅವನ ಮನೆ ಇದ್ದ ಜಾಗದಲ್ಲಿಯೇ ನಿಲ್ಲಿಸಿದ್ದಾರೆ. ಧೈರ್ಯ ಬೇಕು, ಇನ್ನಷ್ಟು ಧೈರ್ಯ ಬೇಕು ಎಂಬ ಅವನ ಪ್ರಸಿದ್ಧ ಗುಡುಗನ್ನು ಮಾರ್ಗದರ್ಶಿ ಅಭಿನಯಿಸಿ ತೋರಿಸಿದಳು. ಪೀಠದ ಮೇಲೆ ಇನ್ನೊಂದು ಸಾಲೂ ಇದೆ, ಮಗಳು ಓದಿ ಹೇಳಿದಳು: ಬ್ರೆಡ್ಡಿನ ನಂತರ ಜನರ ಮೊದಲ ಅಗತ್ಯ ಶಿಕ್ಷಣ. ಮೇಷ್ಟರಾಗಿದ್ದವನಿಗೆ ಅದನ್ನು ಬಿಟ್ಟು ಮುಂದಕ್ಕೆ ಕಾಲು ಬರಲಿಲ್ಲ, ಗುಂಪು ಮಾತ್ರ ಆಗಲೇ ಮೆಟ್ರೋ ಮೆಟ್ಟಿಲಿಳಿಯುತ್ತಿತ್ತು.

ನನ್ನ ಮುಖ್ಯ ತಕರಾರು ಹುಟ್ಟಿದ್ದು ಆ ಮೆಟ್ರೋ ಪ್ರಯಾಣದ ಕೊನೆಯಲ್ಲಿ. ಕಾಂಕಾರ್ಡ್ ನಿಲ್ದಾಣದಲ್ಲಿ 12ನೇ ಮಾರ್ಗದ ಪ್ಲಾಟ್‌ಫಾರ್ಮಿನಲ್ಲಿ ಇಳಿದರೆ ಕಮಾನಿನಂಥ ಗೋಡೆಯ ತುಂಬ, ನೆಲದ ಬಳಿಯಿಂದ ನೆತ್ತಿಯವರೆಗೆ, ಬಿಳಿ ಹೆಂಚುಗಳ ಮೇಲೆ ನೀಲಿ ಅಕ್ಷರಗಳು. ಒಂದು ಹೆಂಚಿಗೆ ಒಂದೇ ಅಕ್ಷರ, ಪದಗಳ ನಡುವೆ ಜಾಗವೇ ಇಲ್ಲ. ಮೊದಲ ನೋಟಕ್ಕೆ ಪದಬಂಧದಂತೆ ಕಾಣುತ್ತದೆ. ಅದು 1789ರ ಆಗಸ್ಟ್ 26ರ ಮಾನವ ಹಕ್ಕುಗಳ ಘೋಷಣೆ. ಹುಟ್ಟಿನಿಂದ ಮನುಷ್ಯರೆಲ್ಲರೂ ಸ್ವತಂತ್ರರು, ಹಕ್ಕುಗಳಲ್ಲಿ ಸಮಾನರು, ಹಾಗೆಯೇ ಉಳಿಯತಕ್ಕವರು ಎಂಬ ಮೊದಲ ವಿಧಿಯನ್ನು ಮಗಳು ಅಕ್ಷರ ಕೂಡಿಸಿ ಓದುತ್ತಿರುವಾಗಲೇ, ‘ಬನ್ನಿ, ಬನ್ನಿ, ಮೇಲೆ ರಾಜನನ್ನು ಕೊಂದ ಜಾಗವಿದೆ’ ಎಂದು ಮಾರ್ಗದರ್ಶಿ ಎಲ್ಲರನ್ನೂ ಮೆಟ್ಟಿಲ ಕಡೆಗೆ ಅಟ್ಟಿದಳು. ಕ್ರಾಂತಿಯ ನಡಿಗೆಯೊಂದು ಕ್ರಾಂತಿಯ ಮೂಲ ಪಾಠದ ಪಕ್ಕದಲ್ಲಿಯೇ ಇಳಿದು ಅದರತ್ತ ಬೆರಳೂ ತೋರದೆ ಹತ್ತಿಹೋಯಿತು.

ಮೇಲೆ ಕಾಂಕಾರ್ಡ್ ಚೌಕದಲ್ಲಿ ಪೂರ್ತಿ ನಲವತ್ತು ನಿಮಿಷ. 1793ರ ಜನವರಿ 21ರಂದು ಹದಿನಾರನೆಯ ಲೂಯಿ, ಅಕ್ಟೋಬರ್ 16ರಂದು ರಾಣಿ, 1794ರ ಜುಲೈ 28ರಂದು ಕ್ರಾಂತಿ ಸರ್ಕಾರದ ಪ್ರಬಲ ನಾಯಕನಾಗಿದ್ದ ರೋಬೆಸ್ಪಿಯರ್; ಒಬ್ಬೊಬ್ಬರ ತಲೆ ಹೇಗೆ ಬಿತ್ತು, ಜನ ಏನು ಕೂಗಿದರು, ಗಿಲೋಟಿನ್ ಎಂಬ ಡಾಕ್ಟರ್ ತನ್ನ ಹೆಸರಿನ ಯಂತ್ರಕ್ಕೆ ಬಲಿಯಾಗದೆ 1814ರಲ್ಲಿ ಸಹಜವಾಗಿ ಸತ್ತದ್ದು ಹೇಗೆ, ಎಲ್ಲವೂ ಸವಿಸ್ತಾರವಾಗಿ ಬಂತು. ವಿವರಗಳಲ್ಲಿ ತಪ್ಪಿರಲಿಲ್ಲ, ಹೇಳುವ ಕಲೆಯೂ ಇತ್ತು. ‘ಇಷ್ಟು ದೂರ ಬಂದು ತಲೆ ಕಡಿದ ಕಥೆಯನ್ನೇ ಕೇಳಬೇಕಾಯಿತಲ್ಲ ರೀ’ ಎಂದು ನನ್ನ ಹೆಂಡತಿ ಗೊಣಗಿದಳು. ಕಿವಿಯ ಸಾಧನ ಕೆಟ್ಟಿದ್ದರಿಂದ ಆಕೆಗೆ ಮೂರನೆಯ ಒಂದು ಭಾಗವೂ ಕೇಳಿಸಿರಲಿಲ್ಲವೆಂಬುದು ಬೇರೆ ಮಾತು.

ಪ್ರಶ್ನೆಗಳಿಗೆ ಉಳಿದದ್ದು ಐದು ನಿಮಿಷ. ಸಕ್ಕರೆ ಮತ್ತು ಕಾಫಿ ತೋಟಗಳ ವಸಾಹತಾಗಿದ್ದ ಇಂದಿನ ಹೈಟಿಯಲ್ಲಿ 1791ರ ಆಗಸ್ಟಿನಲ್ಲಿ ಗುಲಾಮರು ಎದ್ದ ವಿಷಯ ಈ ನಡಿಗೆಯಲ್ಲಿ ಏಕಿಲ್ಲವೆಂದು ಕೇಳಿದೆ. 1794ರಲ್ಲಿ ಗುಲಾಮಗಿರಿ ರದ್ದಾದದ್ದು, 1802ರಲ್ಲಿ ನೆಪೋಲಿಯನ್ ಅದನ್ನು ಮತ್ತೆ ತಂದದ್ದು, 1804ರ ಜನವರಿ 1ರಂದು ಹೈಟಿ ಸ್ವತಂತ್ರವಾದದ್ದು, ಈ ಮೂರನ್ನೂ ಹೇಳಿ, ‘ತೋರಿಸಲು ಈ ದಾರಿಯಲ್ಲಿ ಕಲ್ಲಿಲ್ಲ’ ಎಂದಳು. ಪ್ರಾಮಾಣಿಕವಾದ ಉತ್ತರ. ನಾವು ಭಾರತದವರೆಂದು ತಿಳಿದು, ನಿಮ್ಮ ಸಂವಿಧಾನದ ಸ್ವಾತಂತ್ರ್ಯ, ಸಮಾನತೆ, ಭ್ರಾತೃತ್ವ ಇಲ್ಲಿಂದಲೇ ಹೋದದ್ದಲ್ಲವೆ ಎಂದು ಆಕೆ ಕೇಳಿದಾಗ, ಆ ಮೂರನ್ನು ತಾನು ಪಡೆದದ್ದು ಫ್ರೆಂಚ್ ಕ್ರಾಂತಿಯಿಂದಲ್ಲ, ಬುದ್ಧನಿಂದ ಎಂದು ಅಂಬೇಡ್ಕರ್ 1954ರಲ್ಲಿ ಆಕಾಶವಾಣಿಯಲ್ಲಿ ಹೇಳಿದ್ದನ್ನು ನಾನು ತಿಳಿಸಿದೆ. ಆಕೆ ಅದನ್ನು ಬರೆದುಕೊಂಡಳು. ಇನ್ನೊಂದನ್ನೂ ಹೇಳಿದೆ: ಟಿಪ್ಪು ಸುಲ್ತಾನ ಕಳುಹಿಸಿದ ಮೂವರು ರಾಯಭಾರಿಗಳನ್ನು ಲೂಯಿ ವರ್ಸೈ ಅರಮನೆಯಲ್ಲಿ ಬರಮಾಡಿಕೊಂಡದ್ದು 1788ರ ಆಗಸ್ಟ್ 10ರಂದು. ಅದಕ್ಕೆ ಎರಡು ದಿನ ಮೊದಲು ಮೂರು ವರ್ಗಗಳ ಮಹಾಸಭೆಯನ್ನು ಕರೆಯುವುದಾಗಿ ಸರ್ಕಾರ ಪ್ರಕಟಿಸಿತ್ತು. ಆರು ದಿನಗಳ ನಂತರ ಬೊಕ್ಕಸ ತನ್ನ ಪಾವತಿಗಳಲ್ಲಿ ಒಂದು ಭಾಗವನ್ನು ನಿಲ್ಲಿಸಿತು. ಇಂಗ್ಲಿಷರ ವಿರುದ್ಧ ಮೈತ್ರಿ ಬೇಡಿ ಶ್ರೀರಂಗಪಟ್ಟಣದಿಂದ ಸಮುದ್ರ ದಾಟಿ ಬಂದವರು ತಲುಪಿದ್ದು ದಿವಾಳಿಯ ಹೊಸ್ತಿಲಲ್ಲಿದ್ದ ಮನೆಗೆ. ಅವರಿಗೆ ಸಿಕ್ಕಿದ್ದು ಆದರೋಪಚಾರ, ಉಡುಗೊರೆಯ ಪಿಂಗಾಣಿ ಮತ್ತು ಕೆಲವು ಕುಶಲಕರ್ಮಿಗಳು, ಸೈನ್ಯ ಮಾತ್ರ ಸಿಗಲಿಲ್ಲ.

ನಡಿಗೆಯಲ್ಲಿ ಸಿಗದಿದ್ದುದನ್ನು ಮರುದಿನ, ಭಾನುವಾರ, ನಾವೇ ಹುಡುಕಿಕೊಂಡು ಹೋದೆವು. ಡಾಂಟನ್ ಪ್ರತಿಮೆಯಿಂದ ಹತ್ತು ನಿಮಿಷ ನಡೆದರೆ, ಲಕ್ಸೆಂಬರ್ಗ್ ಅರಮನೆಯ ಎದುರು, ವೋಜಿರಾರ್ ರಸ್ತೆಯ 36ನೇ ಸಂಖ್ಯೆಯ ಕಮಾನಿನ ಕೆಳಗೆ ಗೋಡೆಯಲ್ಲಿ ಅಡ್ಡಲಾಗಿ ಕೂರಿಸಿದ ಒಂದು ಅಮೃತಶಿಲೆಯ ಪಟ್ಟಿಯಿದೆ. ಅದೇ ‘ಮೀಟರ್’. ಉತ್ತರ ಧ್ರುವದಿಂದ ಭೂಮಧ್ಯರೇಖೆಯವರೆಗಿನ ದೂರದ ಕೋಟಿಯಲ್ಲಿ ಒಂದು ಪಾಲು. ಅದನ್ನು ಖಚಿತವಾಗಿ ತಿಳಿಯಲು ಡಲಾಂಬ್ರ್ ಮತ್ತು ಮೆಷೆನ್ ಎಂಬ ಇಬ್ಬರು ಖಗೋಳಜ್ಞರು 1792ರಿಂದ 1798ರವರೆಗೆ, ಯುದ್ಧದ ನಡುವೆಯೇ, ಡಂಕರ್ಕ್‌ನಿಂದ ಬಾರ್ಸಿಲೋನಾವರೆಗೆ ಅಳೆದರು. ಹೊಸ ಅಳತೆ ಜನರಿಗೆ ರೂಢಿಯಾಗಲೆಂದು ನಗರದಲ್ಲಿ ಇಂಥ ಹದಿನಾರು ಪಟ್ಟಿಗಳನ್ನು ಹಾಕಿದ್ದರಂತೆ, ಮೂಲ ಜಾಗದಲ್ಲಿ ಉಳಿದಿರುವುದು ಇದೊಂದೇ. ಕ್ರಾಂತಿಗೆ ಮೊದಲು ಊರಿಗೊಂದು ಅಳತೆ, ಒಡೆಯನಿಗೊಂದು ಅಳತೆ. 1789ರಲ್ಲಿ ಹಳ್ಳಿಗಳಿಂದ ಬಂದ ದೂರಿನ ಪುಸ್ತಕಗಳಲ್ಲಿ ಒಂದೇ ತೂಕ, ಒಂದೇ ಅಳತೆ ಬೇಕೆಂಬ ಬೇಡಿಕೆ ಮತ್ತೆ ಮತ್ತೆ ಬರುತ್ತದೆ, ಏಕೆಂದರೆ ಧಾನ್ಯದ ಕಂದಾಯವನ್ನು ಅಳೆದುಕೊಳ್ಳುವ ಪಾತ್ರೆ ಒಡೆಯನ ಮನೆಯದು.

ಗೇಣಿ ಅಳೆಯುವಾಗ ಒಂದು ಕೊಳಗ, ಸಾಲದ ಭತ್ತ ಕೊಡುವಾಗ ಇನ್ನೊಂದು ಕೊಳಗ ಎಂದು ನನ್ನ ಅಜ್ಜ ಹೇಳುತ್ತಿದ್ದುದು ಆ ಕಮಾನಿನ ಕೆಳಗೆ ನೆನಪಾಯಿತು. ನಮ್ಮಲ್ಲಿ 1956ರ ಕಾಯಿದೆಯ ನಂತರ ಸೇರು, ಮಣ, ತೊಲಗಳು ಹಂತ ಹಂತವಾಗಿ ಹಿಂದೆ ಸರಿದವು, 1957ರಲ್ಲಿ ನಯಾಪೈಸೆ ಬಂದು ಆಣೆಗಳು ಹೋದವು. ಮಲ್ಲಿಗೆ ಹೂವು ಮಾತ್ರ ಇಂದಿಗೂ ಮೊಳದ ಲೆಕ್ಕದಲ್ಲಿಯೇ ಇದೆ, ಮತ್ತು ಮಾರುವವಳ ಕೈ ಗಿಡ್ಡವೆಂಬ ಜಗಳವೂ ಇದೆ. ನನ್ನ ಹೆಂಡತಿ ಆ ಪಟ್ಟಿಯ ಮೇಲೆ ಮೊಣಕೈ ಇಟ್ಟು ಅಳೆದಳು. ಎರಡು ಮೊಳಕ್ಕೆ ಸ್ವಲ್ಪ ಹೆಚ್ಚು.

ಅಂದು ಮಧ್ಯಾಹ್ನ ಮಾರೇ ಪ್ರದೇಶದಲ್ಲಿರುವ ಕಾರ್ನವಾಲೆ ವಸ್ತುಸಂಗ್ರಹಾಲಯಕ್ಕೆ ಹೋದೆವು. ಇದು ಪ್ಯಾರಿಸ್ ನಗರದ ಇತಿಹಾಸದ ಸಂಗ್ರಹ, ಶಾಶ್ವತ ಪ್ರದರ್ಶನಕ್ಕೆ ಪ್ರವೇಶ ಉಚಿತ, ಸೋಮವಾರ ರಜೆ. ಪಾಲ್ವಾ ಕೆತ್ತಿಸಿದ ಕಲ್ಲಿನ ಬ್ಯಾಸ್ಟಿಲ್ ಇಲ್ಲಿದೆ. ಬಂಧನದ ರಾತ್ರಿ ರೋಬೆಸ್ಪಿಯರ್ ಸಹಿ ಹಾಕಲು ಆರಂಭಿಸಿ ಹೆಸರಿನ ಮೊದಲ ಎರಡು ಅಕ್ಷರಕ್ಕೇ ನಿಲ್ಲಿಸಿದ ಕಾಗದ ಇಲ್ಲಿದೆ. ದಿನಕ್ಕೆ ಹತ್ತು ಗಂಟೆ, ಗಂಟೆಗೆ ನೂರು ನಿಮಿಷ ತೋರಿಸುವ ಗಡಿಯಾರವಿದೆ. ಅಳತೆ ಗೆದ್ದಿತು, ಗಡಿಯಾರ ಸೋತಿತು. ವಾರದ ಬದಲು ಹತ್ತು ದಿನಗಳ ಅವಧಿ ಬಂದು, ಏಳನೆಯ ದಿನಕ್ಕೆ ಸಿಗುತ್ತಿದ್ದ ರಜೆ ಹತ್ತನೆಯ ದಿನಕ್ಕೆ ಹೋದಾಗ ಕೂಲಿಕಾರರು ಗೊಣಗಿದ್ದರಲ್ಲಿ ಆಶ್ಚರ್ಯವಿಲ್ಲ. ದಿನಕ್ಕೊಂದು ಗಿಡದ, ಪ್ರಾಣಿಯ ಅಥವಾ ಉಳುಮೆಯ ಉಪಕರಣದ ಹೆಸರಿಟ್ಟಿದ್ದ ಆ ಚೆಲುವಾದ ಪಂಚಾಂಗವನ್ನು 1806ರ ಜನವರಿ 1ರಿಂದ ನೆಪೋಲಿಯನ್ ಕೈಬಿಟ್ಟ. ಈ ಕೋಣೆಗಳಲ್ಲಿ ಎರಡು ಗಂಟೆ ಕಳೆದದ್ದು ನನಗೆ ಗೊತ್ತೇ ಆಗಲಿಲ್ಲ.

ಹಾಗಾದರೆ 32 ಯೂರೋ ಕೊಡಬಹುದೆ? ಪ್ಯಾರಿಸ್ ಹೊಸದು, ಭಾಷೆ ಬಾರದು, ಇರುವುದು ಒಂದೇ ದಿನ ಎನ್ನುವವರು ಕೊಡಬಹುದು. ಬ್ಯಾಸ್ಟಿಲ್ ಚೌಕದ ಆರಂಭ ಮತ್ತು ಓಣಿಯ ಅರ್ಧ ಗಂಟೆ ನಿಜಕ್ಕೂ ಚೆನ್ನಾಗಿವೆ. ಐದಕ್ಕೆ ಮೂರು ಅಂಕ ಕೊಡುತ್ತೇನೆ, ಅದರಲ್ಲಿ ಎರಡೂವರೆ ಮಾರ್ಗದರ್ಶಿಯದು. ಎರಡು ದಿನ ಇರುವವರು, ಅದರಲ್ಲೂ ಮಕ್ಕಳನ್ನು ಕರೆದೊಯ್ಯುವವರು, ಓದೆಯೋನ್‌ನಲ್ಲಿಯೇ ಗುಂಪಿನಿಂದ ಕಳಚಿಕೊಂಡು ಮೀಟರಿನ ಕಡೆಗೆ ತಿರುಗಿದರೆ ಕಳೆದುಕೊಳ್ಳುವುದೇನೂ ಇಲ್ಲ. ಉರುಟು ಕಲ್ಲಿನ ಮೇಲೆ ಮೂರು ಕಿಲೋಮೀಟರ್ ನಡೆಯಬೇಕಾದ್ದರಿಂದ ಚಪ್ಪಲಿಗಿಂತ ಬೂಟು ವಾಸಿ. ಮೆಟ್ರೋ ಟಿಕೆಟ್ ಶುಲ್ಕದಲ್ಲಿ ಸೇರಿರುವುದಿಲ್ಲ. ಗುಂಪಿನ ಗಾತ್ರ ಎಷ್ಟು, ಕಟ್ಟಡಗಳ ಒಳಗೆ ಪ್ರವೇಶವಿದೆಯೆ ಎಂಬ ಎರಡನ್ನೂ ಹಣ ಕಟ್ಟುವ ಮೊದಲೇ ಬರೆದು ಕೇಳಿ, ಉತ್ತರವನ್ನು ಇಟ್ಟುಕೊಂಡಿರಬೇಕು.

ಬೆಳಗ್ಗೆ ಹೋಗುವಾಗ ಸಾಧ್ಯವಾದರೆ ಮೆಟ್ರೋದ 5ನೇ ಮಾರ್ಗದಲ್ಲಿ ಬಂದು ಬ್ಯಾಸ್ಟಿಲ್ ನಿಲ್ದಾಣದಲ್ಲಿ ಕಾಲು ಗಂಟೆ ಮುಂಚೆ ಇಳಿಯಿರಿ. ಸುರಂಗ ಅಗೆಯುವಾಗ ಸಿಕ್ಕ ಕೋಟೆಯ ಹೊರಗೋಡೆಯ ಅಡಿಪಾಯದ ಕಲ್ಲುಗಳು ಆ ಪ್ಲಾಟ್‌ಫಾರ್ಮಿನ ಅಂಚಿನಲ್ಲಿಯೇ ಇವೆ. ಕೆಲಸಕ್ಕೆ ಹೋಗುವ ಜನ ಅವುಗಳಿಗೆ ಬೆನ್ನು ಮಾಡಿ ರೈಲು ಕಾಯುತ್ತಿರುತ್ತಾರೆ. ಮಾರ್ಗದರ್ಶಿ ಕಾಯುವುದು ಮೇಲೆ, ಕಂಬದ ಬಳಿ.